ಗಿರಾಕಿಯ ಚೀಟಿ: ಖಾಲಿ ಮನೆ ಬೇರೆ, ಸೊನ್ನೆ ಬೇರೆ



ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಕಾಲಕ್ಕೆ ಕಂಪ್ಯೂಟರ್ ಸರ್ವೆ ಇರಲಿಲ್ಲ. ಗಲ್ಲಾದಲ್ಲಿ ಕುಳಿತವರಿಗೆ ಗಿರಾಕಿಯ ಮುಖ, ಎಲೆಯಲ್ಲಿ ಉಳಿದ ಪಲ್ಯ, ಇವೇ ವರದಿ. ಇಂದು ನಮ್ಮಲ್ಲಿ ಹಲವರು ಬಿಲ್ಲಿನ ಜೊತೆ ಅಭಿಪ್ರಾಯದ ಚೀಟಿ ಕೊಡುತ್ತೇವೆ. ಚೀಟಿ ಕೂಡಿಸುವುದು ಸುಲಭ, ಅದನ್ನು ಸರಿಯಾಗಿ ಓದುವುದು ಕಷ್ಟ. ನಾವು ಎಡವಿದ ಕತೆಯನ್ನೇ ಪಾಠವಾಗಿ ಇಲ್ಲಿ ಹೇಳುತ್ತೇವೆ.

ಹಗಲು ಕಪ್ಪು ಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಹತ್ತನೇ ಮುಗಿಸಿದ ನಾವು ಕಂಪ್ಯೂಟರ್ ಪಂಡಿತರಲ್ಲ. ಘಾಟ್ಕೋಪರಿನ ನಮ್ಮ ಹೋಟೆಲಿನಲ್ಲಿ 200 ಚೀಟಿ ಸೇರಿದವು. ಇಡ್ಲಿ, ಸಾಂಬಾರ್, ಚಹಾ, ಶುಚಿತ್ವ, ಒಂದೊಂದಕ್ಕೂ 1ರಿಂದ 5 ಅಂಕ. ಅಕ್ಕನ ಮಗ ಎಲ್ಲವನ್ನೂ ಎಕ್ಸೆಲ್‌ನಲ್ಲಿ ಬರೆದ. ಸಾಂಬಾರಿನ ಸರಾಸರಿ 3 ಬಂತು. 18 ವರ್ಷದಿಂದ ನಮ್ಮಲ್ಲಿರುವ ಭಟ್ಟರಿಗೆ ನಾಲ್ಕು ಜನರ ಎದುರೇ ಗದರಿದೆವು. ಬೇರೆ ಅಡಿಗೆಯವರನ್ನು ನೋಡಲೂ ಹೇಳಿಬಿಟ್ಟೆವು.

ಆಮೇಲೆ ಚೀಟಿ ತಿರುವಿ ನೋಡಿದರೆ 50 ಮಂದಿ ಬರೇ ಚಹಾ ಕುಡಿದು ಹೋದವರು. ಸಾಂಬಾರಿನ ಮನೆ ಖಾಲಿ ಬಿಟ್ಟಿದ್ದರು. ಹುಡುಗ ಅಲ್ಲೆಲ್ಲ ಸೊನ್ನೆ ಹಾಕಿದ್ದ. ಒಟ್ಟು ಅಂಕ 600. ಅದನ್ನು 200ರಿಂದ ಭಾಗಿಸಿದರೆ 3. ಸಾಂಬಾರ್ ತಿಂದ 150 ಮಂದಿಯಿಂದ ಭಾಗಿಸಿದರೆ 4!

ಇದರಿಂದ ಕಲಿತದ್ದು:

1. ಒಂದು ಚೀಟಿಗೆ ಒಂದು ಸಾಲು, ಒಂದು ಪ್ರಶ್ನೆಗೆ ಒಂದು ಕಾಲಂ. ಚೀಟಿ ನಂಬರ್ ಮತ್ತು ಗಿರಾಕಿ ಬಂದ ಹೊತ್ತು ತಪ್ಪದೆ ಬರೆಯಿರಿ.

2. ಉತ್ತರವಿಲ್ಲದ ಮನೆಯನ್ನು ಖಾಲಿ ಬಿಡಿ. ಎಕ್ಸೆಲ್‌ನ ಆವರೇಜ್ ಸೂತ್ರ ಖಾಲಿ ಮನೆಯನ್ನು ಬಿಟ್ಟು ಲೆಕ್ಕ ಹಾಕುತ್ತದೆ, ಸೊನ್ನೆಯನ್ನು ಸೇರಿಸಿಕೊಳ್ಳುತ್ತದೆ. 1968ರಿಂದ ಇರುವ ಎಸ್‌ಪಿಎಸ್‌ಎಸ್ ಎಂಬ ಸರ್ವೆ ಸಾಫ್ಟ್‌ವೇರಿನಲ್ಲಿಯೂ ಉತ್ತರವಿಲ್ಲದ್ದನ್ನು ಬೇರೆಯೇ ಗುರುತಿಸುವ ವ್ಯವಸ್ಥೆ ಇದೆ.

3. ಬರೇ ಒಟ್ಟು ಸರಾಸರಿ ನಂಬಬೇಡಿ. ಪಿವಟ್ ಟೇಬಲ್‌ನಲ್ಲಿ ಹೊತ್ತಿನ ಪ್ರಕಾರ ಭಾಗ ಮಾಡಿ ನೋಡಿ. ದುಡ್ಡಿಲ್ಲದೆ ಸಿಗುವ ಲಿಬ್ರೆ ಆಫೀಸ್‌ನಲ್ಲಿಯೂ ಇದು ಇದೆ. ನಮ್ಮಲ್ಲಿ ಬೆಳಿಗ್ಗೆಯ 90 ಮಂದಿಯ ಸರಾಸರಿ 4.4, ಸಂಜೆಯ 60 ಮಂದಿಯದು 3.4.

4. ಭಾಗ ಮಾಡುತ್ತಾ ಹೋದಂತೆ ಸಂಖ್ಯೆ ಸಣ್ಣದಾಗುತ್ತದೆ. ಹತ್ತೇ ಮಂದಿಯ ಗುಂಪಿನಲ್ಲಿ ಒಬ್ಬರ ಸಿಟ್ಟು ನೂರಕ್ಕೆ ಹತ್ತು ಆಗುತ್ತದೆ. ಅದನ್ನು ನೋಡಿ ಮೆನು ಬದಲಿಸಬೇಡಿ.

ಸಂಜೆ ಯಾಕೆ ಕಡಿಮೆ? ಅದನ್ನು ಕಂಪ್ಯೂಟರ್ ಹೇಳಲಿಲ್ಲ, ಅಡಿಗೆಮನೆಗೆ ಹೋದಾಗ ತಿಳಿಯಿತು. ಗ್ಯಾಸ್ ಉಳಿಸಲು ಎರಡೂ ಹೊತ್ತಿಗೆ ಬೆಳಿಗ್ಗೆಯೇ ಒಂದೇ ಪಾತ್ರೆ ಸಾಂಬಾರ್ ಮಾಡಿ ಎಂದವರು ನಾವೇ. ಸಂಜೆ ಭಟ್ಟರು ಅದನ್ನೇ ಕಾಯಿಸಿ ಕೊಡುತ್ತಿದ್ದರು. ತಪ್ಪು ನಮ್ಮದು, ಬೈಗುಳ ಅವರಿಗೆ. ಗದರಿದ ಅದೇ ನಾಲ್ಕು ಜನರ ಎದುರು ಭಟ್ಟರಲ್ಲಿ ಕ್ಷಮೆ ಕೇಳಿದೆವು. ಈಗ ಸಂಜೆಗೆ ಬೇರೆ ಸಾಂಬಾರ್ ಆಗುತ್ತದೆ. ಅವರೂ ನಮ್ಮಲ್ಲೇ ಇದ್ದಾರೆ.

ಇನ್ನೊಂದು ಮಾತು. ಚೀಟಿ ತುಂಬಿಸುವವರು ನಮ್ಮಲ್ಲಿಗೆ ಬಂದ ಗಿರಾಕಿಗಳು ಮಾತ್ರ. ಬರುವುದನ್ನೇ ಬಿಟ್ಟವರ ಅಭಿಪ್ರಾಯ ಯಾವ ಸಾಫ್ಟ್‌ವೇರಿನಲ್ಲೂ ಸಿಗದು. ನಿತ್ಯದ ಗಿರಾಕಿ ನಾಲ್ಕು ದಿನ ಕಾಣದಿದ್ದರೆ ಮುಂದೆ ಸಿಕ್ಕಾಗ ವಿಚಾರಿಸಿ. ಚೀಟಿಯ ಲೆಕ್ಕ ನೋಡಿ ಯಾರ ಕೆಲಸಕ್ಕಾದರೂ ಕೈಹಾಕುವ ಮೊದಲು, ದಯವಿಟ್ಟು ಆ ಸೊನ್ನೆಗಳನ್ನೊಮ್ಮೆ ಪರೀಕ್ಷಿಸಿ.