ಸೈಕಲ್ ಕದ್ದವನಿಗೆ ಸಿಕ್ಕಿದ್ದೆಷ್ಟು?

ಕಾಶಿಯ ಕೇದಾರ ಘಾಟಿನ ಬಳಿ ಮನೆ ಮಾಡಿದವರಿಗೆ ಸೈಕಲ್ಲಿನದೇ ಒಂದು ಪೇಚು. ಗಲ್ಲಿ ಇಕ್ಕಟ್ಟು, ಮೆಟ್ಟಿಲು ಕಡಿದು. ಸೋನಾರ್‌ಪುರ ರಸ್ತೆಯ ಕಡೆ ಎಲ್ಲಾದರೂ ನಿಲ್ಲಿಸಿ ನಡೆದೇ ಇಳಿಯಬೇಕು. ನನ್ನದು ಹಾಗೆ ನಿಲ್ಲಿಸಿದಲ್ಲಿಂದಲೇ ಹೋಯಿತು. ಹಿಂದಿನ ಚಕ್ರಕ್ಕೆ ಬೀಗವಿತ್ತು. ಆ ಬೀಗವಿದ್ದರೆ ತುಳಿದುಕೊಂಡು ಹೋಗಲಾಗದು, ಹಿಂಭಾಗ ಎತ್ತಿ ತಳ್ಳಿಕೊಂಡು ಹೋಗಲು ಏನಡ್ಡಿ?

'ಯಾರೋ ಹೆರೋಯಿನ್‌ಚಿಯ ಕೆಲಸ, ಗುರು' ಎಂದ ಚಹಾದವನು. ಊರಿಂದ ಬಂದು ಕರ್ನಾಟಕ ಘಾಟಿನ ಹತ್ತಿರ ಇಳಿದಿದ್ದ ನಮ್ಮವರಿಗೆ ಹೇಳಿದರೆ, 'ಕಾಶಿಯಲ್ಲವೇ, ಭಂಗಿ ಕುಡಿದು ಮಾಡಿರ್ತಾರೆ' ಎಂದರು. ಭಂಗಿಯ ಮೇಲೆ ಸುಮ್ಮನೆ ಅಪವಾದ. ಅದು ಇಲ್ಲಿ ಸರಕಾರದ ಪರವಾನಗಿಯ ಅಂಗಡಿಯಲ್ಲೇ ಸಿಗುತ್ತದೆ. ಕುಡಿದವನು ಮಿಠಾಯಿ ತಿಂದು ಮಲಗುತ್ತಾನೆ. ಸ್ಮ್ಯಾಕ್ ಎಂಬ ಹೆರೋಯಿನ್ ಪುಡಿ ಹಾಗಲ್ಲ. ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಮೂಗು, ಕಣ್ಣು ಸೋರುತ್ತವೆ, ಹೊಟ್ಟೆ ನುಲಿಯುತ್ತದೆ, ಮೂಳೆಮೂಳೆಯೂ ನೋಯುತ್ತದೆ. ಆಗ ಬೇಕಾಗುವುದು ಮಜವಲ್ಲ, ಆ ನೋವು ನಿಂತರೆ ಸಾಕು.

ಚಹಾದವನ ಅನುಮಾನ ಒಬ್ಬ ಹುಡುಗನ ಮೇಲಿತ್ತು. ಮದುವೆ ದಿಬ್ಬಣಗಳಲ್ಲಿ ದೀಪ ಹೊರುವವನು. ಲಗ್ನದ ಹಂಗಾಮು ಮುಗಿದರೆ ಕೂಲಿ ಇಲ್ಲ, ಚಟಕ್ಕೆ ಮಾತ್ರ ಹಂಗಾಮಿಲ್ಲ. ಕದ್ದವನು ಅವನೇ ಎನ್ನಲು ನನ್ನ ಬಳಿ ಸಾಕ್ಷಿಯಿರಲಿಲ್ಲ, ಪೊಲೀಸರಿಗೆ ಅವನ ಹೆಸರು ಕೊಡಲಿಲ್ಲ. ನನ್ನನ್ನು ಕಾಡಿದ್ದು ಬೇರೆ ಲೆಕ್ಕ. 3,200 ರೂಪಾಯಿಯ ಸೈಕಲ್ಲಿಗೆ ಗುಜರಿಯವನು ಹೆಚ್ಚೆಂದರೆ 400 ಕೊಡುತ್ತಾನಂತೆ. ಅದು ಸಂಜೆಯೊಳಗೆ ಪುಡಿಯಾಗಿ ಮುಗಿಯುತ್ತದೆ. ಕಳೆದುಕೊಂಡವನಿಗೂ ಕದ್ದವನಿಗೂ ಸಿಗದ ಉಳಿದ ದುಡ್ಡು ನಡುವೆ ಕೂತವನದು.

ಅದೇ ದಿನಗಳಲ್ಲಿ ನಮ್ಮ ಗಲ್ಲಿಗೆ ಹಾಲು ತರುವವನ ಸೈಕಲ್ಲೂ ಹೋಯಿತು, ಕ್ಯಾನುಗಳ ಸಮೇತ. ನಾನು ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಶೇರ್ ಆಟೋ ಹಿಡಿದೆ. ಅವನು ಸಾಲ ಮಾಡಿದ. ಬಡವನ ಕೈಗೆ ಎಟಕುವುದು ಇನ್ನೊಬ್ಬ ಬಡವನ ಸೈಕಲ್ಲೇ. ಕಾರು ಗೇಟಿನೊಳಗೆ ಇರುತ್ತದೆ.

ಠಾಣೆಯಲ್ಲಿ ಗೊತ್ತಾದದ್ದು: 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಂತೆ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಮೊದಲ ಸಲ ತಪ್ಪು ಸಾಬೀತಾದವನು ಮಾಲನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಹುಡುಗನ ಮಟ್ಟಿಗೆ ಇದು ನನಗೆ ಒಪ್ಪಿಗೆ, ಜೈಲಿನಿಂದ ಚಟ ಬಿಡುವುದಿಲ್ಲ. ಆದರೆ ಹಾಲಿನವನ ಹಳೆಯ ಸೈಕಲ್ ಎಂದಾದರೂ 5,000 ಬಾಳೀತೇ? ಇತ್ತ ಕದ್ದ ಮಾಲೆಂದು ತಿಳಿದೂ ಕೊಂಡವನಿಗೆ 317ನೆಯ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲುಂಟು. ಗುಜರಿ ಅಂಗಡಿಯ ಬಾಗಿಲಿಗೆ ಆ ಕಲಮು ಬಂದದ್ದನ್ನು ನಾನು ಕಂಡಿಲ್ಲ. ಮಾದಕವಸ್ತು ಕಾಯ್ದೆಯ 64ಎ ಕಲಮು, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಮಾದಕವಸ್ತು ಸೇವನೆಯ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಇದನ್ನು ಚಹಾದವನಿಗೆ ಹೇಳಿದೆ. 'ಆಸ್ಪತ್ರೆಗೆ ಸೇರಿದರೆ ಆ ದಿನದ ಕೂಲಿ ಯಾರು ಕೊಡ್ತಾರೆ?' ಎಂದ. ಉತ್ತರ ಹೊಳೆಯಲಿಲ್ಲ.

ಈಗಿನ ಸೈಕಲ್ಲಿಗೆ ಸರಪಳಿಯನ್ನು ಫ್ರೇಮಿನೊಳಗೆ ಹಾಯಿಸಿ ಕಿಟಕಿಯ ಕಂಬಿಗೆ ಬಿಗಿಯುತ್ತೇನೆ, ಫ್ರೇಮಿನ ನಂಬರು ಬರೆದಿಟ್ಟಿದ್ದೇನೆ. ಅದಕ್ಕೂ ಮೊದಲು ಸೆಕೆಂಡ್‌ಹ್ಯಾಂಡ್ ಸೈಕಲ್ ನೋಡಲು ಹೋಗಿದ್ದೆ. ಒಂದು ಚೆನ್ನಾಗಿಯೇ ಇತ್ತು, ಅಂಗಡಿಯವನು 1,400 ಹೇಳಿದ. ರಸೀದಿ ಕೇಳಿದೆ. ರಸೀದಿ ಬೇಡವೆಂದರೆ ಇನ್ನೂ 200 ಬಿಡುತ್ತೇನೆ ಎಂದ. ಹೊಸದನ್ನೇ ಕೊಂಡೆ, ಎರಡು ಕಂತಿನಲ್ಲಿ.