ತಪ್ಪೊಪ್ಪಿಕೊಂಡ ಮೇಲೂ ಅಪೀಲಿಗೆ ದಾರಿಯಿದೆ

ಪೊಳಲಿ ಕಡೆಯ ರಿಕ್ಷಾ ಚಾಲಕನೊಬ್ಬ ಅಡ್ಡಾದಿಡ್ಡಿ ಚಾಲನೆಯ ಕೇಸಿನಲ್ಲಿ ಬಂಟ್ವಾಳ ಕೋರ್ಟಿನಲ್ಲಿ ನಿಂತಿದ್ದಾನೆ ಎಂದುಕೊಳ್ಳಿ. ಆರೋಪ ಓದಿ ಹೇಳಿ, ಒಪ್ಪುತ್ತೀರಾ ಎಂದು ಕೇಳುತ್ತಾರೆ. ದಂಡ ಕಟ್ಟಿ ಮನೆಗೆ ಹೋದರಾಯಿತು ಎಂದು, ಗಾಬರಿಯಲ್ಲಿ ತುಳುವಿನಲ್ಲೇ 'ತಪ್ಪಾಂಡ್' ಅನ್ನುತ್ತಾನೆ. ಜೈಲು ಶಿಕ್ಷೆಯಾಗುತ್ತದೆ. 'ಒಪ್ಪಿಕೊಂಡಾಯಿತಲ್ಲ, ಇನ್ನು ಅಪೀಲಿಲ್ಲ' ಎನ್ನುತ್ತಾರೆ ಊರವರು. ಇದು ಅರ್ಧ ಮಾತ್ರ ನಿಜ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಂ (ಹಳೆಯ ಸಂಹಿತೆಯಲ್ಲಿ 375) ಪ್ರಕಾರ, ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಕೊಂಡವರು ಶಿಕ್ಷೆ ಹೆಚ್ಚಾಯಿತು ಅಥವಾ ಕಾನೂನುಬದ್ಧವಲ್ಲ ಎಂದು ಅಪೀಲು ಹೋಗಬಹುದು. ಮ್ಯಾಜಿಸ್ಟ್ರೇಟರು ವಿಧಿಸಿದ್ದು ಬರೀ 100 ರೂಪಾಯಿಯೊಳಗಿನ ದಂಡವಾದರೆ ಅಪೀಲಿಲ್ಲ. ಪ್ಲೀ ಬಾರ್ಗೇನಿಂಗ್ (ಹಗುರ ಶಿಕ್ಷೆಗಾಗಿ ಮಾತುಕತೆ ನಡೆಸಿ ತಪ್ಪೊಪ್ಪುವುದು) ಒಪ್ಪಂದದಲ್ಲಿ ಮುಗಿದ ಕೇಸಿಗೂ ಇಲ್ಲ.

ಶಿಕ್ಷೆಯಾದ ದಿನವೇ ಮಾಡಬೇಕಾದ ಕೆಲಸವೊಂದಿದೆ. ಆರೋಪಿ ಜಾಮೀನಿನಲ್ಲಿದ್ದು, ಶಿಕ್ಷೆ 3 ವರ್ಷ ಮೀರದಿದ್ದರೆ, ಅಪೀಲು ಹಾಕುತ್ತೇನೆಂದು ಹೇಳಿ ಅದೇ ಕೋರ್ಟಿನಲ್ಲಿ ಜಾಮೀನು ಕೇಳಬೇಕು. ಆಮೇಲೆ ತೀರ್ಪಿನ ನಕಲು. ಜೈಲು ಶಿಕ್ಷೆಯಾದವರಿಗೆ ಅದು ಉಚಿತ. ಒಪ್ಪಿಗೆ ಬರೆದುಕೊಂಡ ಹಾಳೆ, ಆರ್ಡರ್ ಶೀಟ್‌ಗಳ ದೃಢೀಕೃತ ನಕಲಿಗೂ ಅರ್ಜಿ ಕೊಡಿ.

ಆ ಹಾಳೆಯನ್ನು ವಕೀಲರೊಡನೆ ಕುಳಿತು ಸಾವಧಾನವಾಗಿ ಓದಿ. ಇಡೀ ಅಪೀಲಿನ ಜೀವ ಹೆಚ್ಚಾಗಿ ಅದರಲ್ಲೇ ಇರುತ್ತದೆ ಎಂಬುದು ನನ್ನ ನಂಬಿಕೆ. ಸಮನ್ಸ್ ಕೇಸುಗಳಲ್ಲಿ ಆರೋಪಿಯ ಒಪ್ಪಿಗೆಯನ್ನು ಆದಷ್ಟು ಅವನದೇ ಮಾತಿನಲ್ಲಿ ಬರೆದುಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ. 'ತಪ್ಪಾಂಡ್' ಅಂದರೆ ತಪ್ಪಾಯಿತು ಅಷ್ಟೇ. ಅಡ್ಡಾದಿಡ್ಡಿಯಾಗಿ ಓಡಿಸಿದೆ ಎಂದಲ್ಲ. ಆರೋಪ ಅರ್ಥವಾಗದೆ ಒಪ್ಪಿದ್ದರೆ, ಅದು ಒಪ್ಪಿಗೆಯೇ ಅಲ್ಲ ಎಂದು ವಾದಿಸಬಹುದು. ಮೊದಲ ತಪ್ಪಾಗಿದ್ದರೆ 1958ರ ಪ್ರೊಬೇಷನ್ ಕಾಯ್ದೆಯ ಲಾಭ (ಜೈಲಿನ ಬದಲು ಸನ್ನಡತೆಯ ಷರತ್ತಿನ ಮೇಲೆ ಬಿಡುಗಡೆ) ಯಾಕೆ ಕೊಡಲಿಲ್ಲವೆಂದು ತೀರ್ಪಿನಲ್ಲಿ ಕಾರಣವಿದೆಯೇ, ಮೊದಲೇ ಜೈಲಿನಲ್ಲಿದ್ದ ದಿನಗಳನ್ನು ಕಳೆದಿದ್ದಾರೆಯೇ, ಇದನ್ನೂ ನೋಡಿ.

ಅಪೀಲು ಮಂಗಳೂರಿನ ಸೆಷನ್ಸ್ ನ್ಯಾಯಾಲಯಕ್ಕೆ, 30 ದಿನಗಳೊಳಗೆ. ನಕಲು ಸಿಗಲು ಹಿಡಿದ ದಿನಗಳು ಲೆಕ್ಕಕ್ಕಿಲ್ಲ. ತಡವಾದರೆ ಕಾರಣ ವಿವರಿಸಿ ವಿಳಂಬ ಮನ್ನಾ ಅರ್ಜಿ, ಜೊತೆಗೆ ಶಿಕ್ಷೆ ಅಮಾನತಿನ ಅರ್ಜಿ ಹಾಕಬೇಕು.

ಅಪೀಲು ಹೋದರೆ ಶಿಕ್ಷೆ ಏರಿಬಿಟ್ಟೀತೇ ಎಂದು ಹಲವರು ಹೆದರುತ್ತಾರೆ. ನೀವೇ ಹಾಕಿದ ಅಪೀಲಿನಲ್ಲಿ ಏರಿಸುವಂತಿಲ್ಲ. ಸರ್ಕಾರ ಬೇರೆಯೇ ಅಪೀಲು ಹಾಕಬಹುದು, ನಿಜ. ನಮ್ಮ ರಾಜ್ಯದ್ದೇ ತಿಪ್ಪಸ್ವಾಮಿ ಪ್ರಕರಣದಲ್ಲಿ ಹಾಗಾಗಿತ್ತು. ಅಪಘಾತದ ಸಾವಿನ ಆ ಕೇಸಿನಲ್ಲಿ ತಪ್ಪೊಪ್ಪಿದವನಿಗೆ ಮ್ಯಾಜಿಸ್ಟ್ರೇಟರು ದಂಡ ಹಾಕಿದ್ದರು, ಹೈಕೋರ್ಟು ಜೈಲು ಶಿಕ್ಷೆ ವಿಧಿಸಿತು. ಹಗುರ ಶಿಕ್ಷೆಯ ಆಸೆ ತೋರಿಸಿ ಒಪ್ಪಿಸಿ, ಆಮೇಲೆ ಶಿಕ್ಷೆ ಏರಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿ, ಕೇಸನ್ನು ಮರುವಿಚಾರಣೆಗೆ ಕಳುಹಿಸಿತು.

ವಕೀಲರಿಗೆ ಕೊಡಲು ದುಡ್ಡಿಲ್ಲವೇ? ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಜೈಲು ಸೇರಿದವರು ಅಪೀಲನ್ನೂ ನಕಲನ್ನೂ ಜೈಲಧಿಕಾರಿಯ ಕೈಗೆ ಕೊಟ್ಟರೆ ಸಾಕು, ಅದನ್ನು ಕೋರ್ಟಿಗೆ ತಲುಪಿಸುವುದು ಅವರ ಕರ್ತವ್ಯ.