ಹೆಸರು ಮುಚ್ಚಿ ಓದಿಸಿದ ವರದಿ

ಮನೋಳಿಯ ಪ್ರೌಢಶಾಲೆಯೊಂದರ ಒಂಬತ್ತನೆಯ ತರಗತಿಗೆ ನಾನು ಮಾಡಿದ ಅಭ್ಯಾಸ ಪಾಠದ ವಿಷಯ: ವಿಜ್ಞಾನಿಯ ಮಾತನ್ನು ನಂಬುವುದು ಹೇಗೆ? ಪಠ್ಯಪುಸ್ತಕ ‘ಪ್ರಯೋಗದಿಂದ ತಿಳಿದುಬಂದಿದೆ’ ಎನ್ನುತ್ತದೆ. ಆ ಪ್ರಯೋಗವನ್ನು ಯಾರು ಪರೀಕ್ಷಿಸಿದರು ಎಂದು ಹೇಳುವುದಿಲ್ಲ.

ಕಲಿಕೋಪಕರಣವಾಗಿ ಹೆಸರುಕಾಳಿನ ಮೊಳಕೆಯ ವರದಿಯೊಂದನ್ನು ಬರೆದಿದ್ದೆ. 20 ಕಾಳುಗಳಲ್ಲಿ 17 ಮೊಳಕೆಯೊಡೆದವು, ಪ್ರಮಾಣ ಶೇ. 95 ಎಂದು ಬೇಕೆಂದೇ ತಪ್ಪು ಹಾಕಿದ್ದೆ. ನಾಲ್ಕು ಗುಂಪುಗಳಿಗೂ ಅದೇ ವರದಿ. ಎರಡು ಪ್ರತಿಗಳ ಮೇಲೆ ತರಗತಿಯಲ್ಲಿ ಸದಾ ಮೊದಲು ಬರುವ ಹುಡುಗಿಯ ಹೆಸರು (ಅವಳನ್ನು ಕೇಳಿಯೇ ಬರೆದದ್ದು), ಉಳಿದೆರಡರ ಮೇಲೆ ಹೆಸರಿಲ್ಲ.

ಹೆಸರಿಲ್ಲದ ಪ್ರತಿ ಸಿಕ್ಕ ಎರಡೂ ಗುಂಪುಗಳು ಶೇ. 85 ಎಂದು ತಿದ್ದಿದವು. ಹೆಸರಿದ್ದ ಒಂದು ಗುಂಪು ‘ಸರಿಯಾಗಿದೆ’ ಎಂದು ಸಹಿ ಹಾಕಿತು. ಇನ್ನೊಂದರಲ್ಲಿ ಒಬ್ಬ ಹುಡುಗ ತಪ್ಪನ್ನು ಕಂಡಿದ್ದ, ಹೇಳಿರಲಿಲ್ಲ. ಏಕೆಂದು ಕೇಳಿದೆ. “ಆಕಿ ತಪ್ಪು ಮಾಡಂಗಿಲ್ರಿ ಸರ್. ನನ್ನ ಲೆಕ್ಕಾನ ತಪ್ಪಿರಬೇಕು ಅನ್ಕೊಂಡ್ನಿ.”

ನಾಲ್ಕು ಗುಂಪುಗಳಿಂದ ಏನೂ ಸಿದ್ಧವಾಗದು, ಒಪ್ಪುತ್ತೇನೆ. ಆದರೆ ಚರ್ಚೆಗೆ ಅಷ್ಟು ಸಾಕಾಯಿತು. ಸಂಶೋಧನಾ ಪತ್ರಿಕೆಗೆ ಬಂದ ಲೇಖನವನ್ನು ಅದೇ ವಿಷಯ ಬಲ್ಲ ಬೇರೆಯವರು ಓದಿ ತಪ್ಪು ಹುಡುಕಬೇಕು. ಕೆಲವು ಪತ್ರಿಕೆಗಳು ಅವರಿಂದ ಲೇಖಕರ ಹೆಸರನ್ನು ಮರೆಮಾಡುತ್ತವೆ, ಹಲವು ಮಾಡುವುದಿಲ್ಲ ಎಂದು ವಿವರಿಸಿದೆ.

ಓದದೆಯೇ ಹಣ ಪಡೆದು ಅಚ್ಚು ಹಾಕುವವೂ ಇವೆ. 2013ರಲ್ಲಿ ಜಾನ್ ಬೊಹಾನನ್ ‘ಸೈನ್ಸ್’ ಪತ್ರಿಕೆಗಾಗಿ, ದೋಷ ತುಂಬಿದ ಕಟ್ಟುಲೇಖನವೊಂದನ್ನು 304 ಪತ್ರಿಕೆಗಳಿಗೆ ಕಳಿಸಿದರು, 157 ಒಪ್ಪಿಕೊಂಡವು. ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ 2018ರಲ್ಲಿ ಭೂಷಣ ಪಟವರ್ಧನ ಮತ್ತು ಸಂಗಡಿಗರ ಅಧ್ಯಯನ ಪ್ರಕಟಿಸಿತು. ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಯುಜಿಸಿ ಪಟ್ಟಿ ಸೇರಿದ್ದ 1009 ಪತ್ರಿಕೆಗಳನ್ನು ಅವರು ಪರಿಶೀಲಿಸಿದ್ದರು. ಮೂರನೆಯ ಒಂದು ಭಾಗಕ್ಕೂ ಹೆಚ್ಚಿನವುಗಳಲ್ಲಿ ವಿಳಾಸ, ಸಂಪಾದಕರ ಹೆಸರಿನಂಥ ಮೂಲ ಮಾಹಿತಿಯೇ ಇರಲಿಲ್ಲ ಅಥವಾ ತಪ್ಪಾಗಿತ್ತು. ಅದೇ ಮೇ ತಿಂಗಳಲ್ಲಿ ಯುಜಿಸಿ 4305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆಯಿತು.

“ಪಟ್ಟಿಗೆ ಸೇರಿಸುವಾಗ ಯಾರೂ ಓದಿರಲಿಲ್ಲೇನ್ರಿ?” ಎಂದಳು ಒಬ್ಬ ವಿದ್ಯಾರ್ಥಿನಿ. ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ನನ್ನ ಮೊಬೈಲಿಗೂ ‘ಮೂರು ದಿನದಲ್ಲಿ ಪ್ರಕಟಣೆ, ಐಎಸ್‌ಎಸ್‌ಎನ್ ಸಹಿತ’ ಎಂಬ ಸಂದೇಶ ಬಂದಿತ್ತು. ಹಣ ಕಟ್ಟುವ ಯೋಚನೆಯನ್ನೂ ಮಾಡಿದ್ದೆ. ಐಎಸ್‌ಎಸ್‌ಎನ್ ಪತ್ರಿಕೆಯನ್ನು ಗುರುತಿಸುವ ಸಂಖ್ಯೆ ಮಾತ್ರ, ಗುಣಮಟ್ಟದ ಮುದ್ರೆಯಲ್ಲ ಎಂದು ತಿಳಿದದ್ದು ಈ ಪಾಠಕ್ಕೆ ಸಿದ್ಧನಾಗುವಾಗ.

ವೀಕ್ಷಣೆಗೆ ಬಂದ ಮಾರ್ಗದರ್ಶಕರು ಒಂದು ಕೊರತೆ ಬರೆದರು: ಒಪ್ಪಿಗೆಯಿದ್ದರೂ ಆ ಹುಡುಗಿ ಮುಜುಗರಪಟ್ಟಳು. ನಿಜ. ಮುಂದಿನ ಪಾಠದಲ್ಲಿ ಅದೇ ತಪ್ಪು ವರದಿಯ ಮೇಲೆ ನನ್ನ ಹೆಸರನ್ನೇ ಬರೆದು ಕೊಡುತ್ತೇನೆ.